ಅಂಗಡಿ ಮುಂದಿನ ಕಪ್ಪು ಹಲಗೆ

ಹಲಗೆಗೆ ಎರಡನೇ ಸಲ ಕಪ್ಪು ಬಳಿಯುತ್ತಿದ್ದಾಗಲೇ ಚಿಕ್ಕಪ್ಪ ಬಂದು ಅವಳ ಬೆನ್ನ ಹಿಂದೆ ನಿಂತ. ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಮದುವೆಯಿರಲಿ ಸಾವಿರಲಿ, ಮೂಗು ತೂರಿಸದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಬೇಗ ಕೈ ಆಡಿಸಮ್ಮ. ಇನ್ನೇನು ಗಾಡಿ ಬಂದ್ಬಿಡುತ್ತೆ. ಅಷ್ಟರೊಳಗೆ ಬೋರ್ಡು ಹೊರಗಿರ್ಬೇಕು."

"ಒಣಗ್ಬೇಕಲ್ಲ ಚಿಕ್ಕಪ್ಪ. ಬಣ್ಣಕ್ಕೇನು ಗೊತ್ತು, ನಮ್ಮನೇಲಿ ಸಾವಾಗಿದೆ ಅಂತ?"

ಅಮ್ಮ ಒಳಕೋಣೆಯಲ್ಲಿ ಮಲಗಿದ್ದಳು. ನಿನ್ನೆ ಮಧ್ಯಾಹ್ನ ಉಂಡು ಅಡ್ಡಾದವಳು ಮತ್ತೆ ಏಳಲಿಲ್ಲ. ಆ ಬೀದಿಯ ಬೋರ್ಡು ಬರೆಯುವವರಲ್ಲಿ ಒಂದು ಪದ್ಧತಿಯುಂಟು. ಮನೆಯಲ್ಲಿ ಯಾರಾದರೂ ಹೋದರೆ ಅಂಗಡಿ ಮುಂದೆ ಕಪ್ಪು ಹಲಗೆ ನಿಲ್ಲಿಸಬೇಕು, ಅದನ್ನು ಮನೆಯವರೇ ಬ್ರಷ್ ಹಿಡಿದು ಬರೆಯಬೇಕು. ಈಗ ಎಲ್ಲರೂ ಮೆಷಿನ್ನಿನಲ್ಲಿ ಫ್ಲೆಕ್ಸ್ ಹೊಡೆದು ಹೊಟ್ಟೆ ಹೊರೆಯುವವರೇ. ಆದರೆ ತಮ್ಮ ಮನೆಯ ಸಾವನ್ನು ಮೆಷಿನ್ನಿಗೆ ಕೊಡಲು ಮಾತ್ರ ಯಾರಿಗೂ ಮನಸ್ಸು ಬರುವುದಿಲ್ಲ.

ಚಿಕ್ಕಪ್ಪ ಗಾಳಿಯಲ್ಲೇ ಬೆರಳಿನಿಂದ ಬರೆದು ತೋರಿಸಿದ. "ಮೇಲೆ ಅಂಗಡಿ ಹೆಸರು, ದೊಡ್ಡದಾಗಿ. ಅದರ ಕೆಳಗೆ ಮಾಲೀಕರು ಅಂತ ಹಾಕಿ ಅಣ್ಣನ ಹೆಸರು. ಆಮೇಲೆ 'ಇವರ ಪತ್ನಿ' ಅಂತ ಬರೆದು ಅತ್ತಿಗೆ ಹೆಸರು."

"ಅಮ್ಮನ ಹೆಸರು ಕೊನೆಗಾ?"

"ಉಳಿದ ಜಾಗದಲ್ಲಿ ಕೂರಿಸು. ಅದೇನು ಮಹಾ ಕಷ್ಟ?"

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಬೆಂಚಿನ ಮೇಲೆ ಕೂತು ಬೀದಿ ನೋಡುತ್ತಿದ್ದ. "ಅವನು ಹೇಳಿದ ಹಾಗೇ ಮಾಡು. ಗಿರಾಕಿಗಳು ಬರ್ತಾರೆ. ಯಾರ ಮನೇಲಿ ಅಂತ ತಿಳೀಬೇಕಲ್ಲ," ಅಂದ.

ಅವಳಿಗೆ ಮೈ ಉರಿಯಿತು. ಊರಿನ ಗೋಡೆಗಳ ಮೇಲಿದ್ದ ಹೆಂಗಸರ ಮುಖಗಳನ್ನೆಲ್ಲ ಬರೆದವಳು ಅಮ್ಮ. ಸೋಪಿನವಳು, ಸೀರೆಯವಳು, ಹಲ್ಲುಪುಡಿಯವಳು, ಎಲ್ಲರೂ ಅವಳ ಕೈಯಿಂದಲೇ ಬಂದವರು. ಎಲ್ಲದರ ಕೆಳಗೂ ಅಪ್ಪನ ರುಜು. ಇವತ್ತು ಒಂದು ದಿನವಾದರೂ ಬೀದಿಯಲ್ಲಿ ಹೋಗುವವರು ಅಮ್ಮನ ಹೆಸರು ಓದಲಿ ಎಂಬುದಷ್ಟೇ ಮಗಳ ಆಸೆಯಾಗಿತ್ತು. ಅದಕ್ಕಾಗಿ ಹೆಣ ಮನೆಯಲ್ಲಿಟ್ಟುಕೊಂಡು ಜಗಳವಾಡಲು ಅವಳಿಗೆ ಮನಸ್ಸಿರಲಿಲ್ಲ. ಸೀಮೆಸುಣ್ಣ ಕೈಗೆತ್ತಿಕೊಂಡಳು.

*

ಅವಳು ಹೈಸ್ಕೂಲಿನಲ್ಲಿದ್ದಾಗ ಅಮ್ಮ ಒಮ್ಮೆ ಅವಳನ್ನು ಬಸ್ ನಿಲ್ದಾಣದ ಎದುರಿನ ಗೋಡೆಯ ಮುಂದೆ ನಿಲ್ಲಿಸಿದ್ದಳು. ಗೋಡೆ ತುಂಬ ಕುಕ್ಕರಿನ ಜಾಹೀರಾತು. ಗಂಡ, ಹೆಂಡತಿ, ನಡುವೆ ಕುಕ್ಕರು.

"ಕಣ್ಣು ಮುಚ್ಚಿ ತೆಗಿ. ಮೊದಲು ಯಾರು ಕಂಡ್ರು?"

"ಗಂಡಸು."

"ಕುಕ್ಕರ್ ಹಿಡಿದಿರೋಳು ಅವಳು. ಬೇಯಿಸೋಳು ಅವಳು. ಮತ್ತೆ ನಿನ್ನ ಕಣ್ಣಿಗೆ ಅವನ ಹತ್ರ ಏನು ಕೆಲಸ?"

ಮಗಳು ಮತ್ತೆ ನೋಡಿದಳು. "ಅವನು ದೊಡ್ಡದಾಗಿದಾನೆ. ಮೇಲಿದಾನೆ."

"ಇನ್ನೂ?"

"ಅವನ ಮುಖಕ್ಕೆ ಬೆಳಕು ಜಾಸ್ತಿ. ಅವಳ ಸುತ್ತ ಪಾತ್ರೆ ಪಡಗ ತುಂಬ್ಕೊಂಡಿವೆ, ಉಸಿರಾಡೋಕೂ ಜಾಗ ಇಲ್ಲ."

"ಭೇಷ್. ಅವಳೂ ಅವನನ್ನೇ ನೋಡ್ತಿದಾಳೆ, ನೋಡು. ಚಿತ್ರದೊಳಗಿನವರು ನೋಡಿದ ಕಡೆಗೇ ನಮ್ಮ ಕಣ್ಣೂ ಹೋಗೋದು."

"ಇದನ್ನ ಬರೆದೋಳು ನೀನೇ ಅಲ್ವೇನಮ್ಮ?"

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಜೋರಾಗಿ ನಕ್ಕಳು. "ಮತ್ತೆ? ಅಳತೆ ಗಿರಾಕಿ ಹೇಳ್ತಾನೆ ಕಣೆ. ಬಣ್ಣ ಕಲಸೋದು ಮಾತ್ರ ನಾವು."

ಮುಂದೆ ಒಂದೇ ಒಂದು ಸಲ, ಹೊಲಿಗೆ ಯಂತ್ರದ ಜಾಹೀರಾತಿನಲ್ಲಿ, ಅಮ್ಮ ಹೆಂಗಸಿನ ಕಣ್ಣನ್ನು ಗಂಡನಿಂದ ತಿರುಗಿಸಿ ನೇರ ರಸ್ತೆಗೆ ಇಟ್ಟಳು. ಹೋಗಿ ಬರುವವರು ನಿಂತು ನೋಡುವಂತಿತ್ತು. "ಇವಳೇನ್ರೀ, ಸಾಲ ವಸೂಲಿಗೆ ಬಂದೋಳ ಹಾಗೆ ದುರುಗುಟ್ಟಿ ನೋಡ್ತಾಳೆ!" ಎಂದು ಗಿರಾಕಿ ತಕರಾರು ತೆಗೆದ. ಅಪ್ಪ ಏಣಿ ಹತ್ತಿ ಅವಳ ಕಣ್ಣನ್ನು ಗಂಡನ ಕಡೆಗೆ ತಿರುಗಿಸಿಬಿಟ್ಟ. ಆ ವಾರವೆಲ್ಲ ಅಮ್ಮ ಅವನಿಗೆ ಊಟ ಬಡಿಸಿದಳು, ಮಾತಾಡಲಿಲ್ಲ.

*

ಮಗಳು ಚಿಕ್ಕಪ್ಪ ಹೇಳಿದ್ದರಲ್ಲಿ ಎಳ್ಳಷ್ಟೂ ತಪ್ಪಲಿಲ್ಲ. ಅಂಗಡಿ ಹೆಸರು ಅಡ್ಡಡ್ಡಲಾಗಿ ಹಲಗೆಯ ಉದ್ದಕ್ಕೂ ಬಂತು. ಅದರ ಕೆಳಗೆ ಅಪ್ಪನ ಹೆಸರು, ಅಂಗೈಯಷ್ಟು ದಪ್ಪ ಅಕ್ಷರದಲ್ಲಿ. ಚಿಕ್ಕಪ್ಪ ಗೇಣು ಹಾಕಿ ಅಳೆದು ಗೋಣು ಆಡಿಸಿದ. ಆದರೆ ಅವಳು ಆ ಮೇಲಿನ ಅಕ್ಷರಗಳಿಗೆಲ್ಲ ಕಲಸಿದ್ದು ಬೂದು ಬಣ್ಣ, ಹಲಗೆಯ ಕಪ್ಪಿಗಿಂತ ಒಂದಿಷ್ಟೇ ತಿಳಿ. ಒಂದಕ್ಕೊಂದು ಒತ್ತಿಕೊಂಡು ಕೂತ ಆ ದಪ್ಪ ಅಕ್ಷರಗಳು ಕಪ್ಪಿನೊಳಗೆ ಅರ್ಧ ಮುಳುಗಿಹೋದವು. ಕೆಳಗೆ ಸುತ್ತಲೂ ಧಾರಾಳ ಜಾಗ ಬಿಟ್ಟು ಅಮ್ಮನ ಹೆಸರು ಬರೆದಳು. ಅಕ್ಷರ ಸಣ್ಣವು, ಬಣ್ಣ ಹಳದಿ. ಹಲಗೆಯಲ್ಲಿ ಬೇರೆಲ್ಲೂ ಹಳದಿ ಇರಲಿಲ್ಲ.

ಹಲಗೆ ಹೊರಗೆ ನಿಲ್ಲಿಸಿದ ಕೂಡಲೇ ಎದುರಂಗಡಿಯ ಟೈಲರ್ ರಸ್ತೆ ದಾಟಿ ಬಂದ. ಮೊದಲು ಅಮ್ಮನ ಹೆಸರನ್ನೇ ಬಾಯಿಬಿಟ್ಟು ಓದಿದ.

"ಇದು ನಿಮ್ಮಮ್ಮನ ಹೆಸರೇನಮ್ಮಾ? ಇಷ್ಟು ವರ್ಷ ಎದುರಿಗೇ ಇದ್ದೀನಿ, ಗೊತ್ತೇ ಇರ್ಲಿಲ್ಲ ನೋಡು. ನಮಗೆಲ್ಲ ಅವರು ಪೇಂಟರ್ ಹೆಂಡ್ತಿ."

ನಿನ್ನೆಯಿಂದ ಬಾರದಿದ್ದ ಅಳು ಮಗಳಿಗೆ ಆಗ ಬಂತು.

"ಮೇಲಿಂದ ಓದ್ರೀ," ಅಂದ ಚಿಕ್ಕಪ್ಪ.

"ಮೇಲೇನಿದೆ?" ಟೈಲರ್ ಕಣ್ಣು ಕಿರಿದು ಮಾಡಿದ. "ಓ, ಇದೆ ಇದೆ."

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಹೇಳಿದ್ದೆಲ್ಲ ಹೇಳಿದ ಜಾಗದಲ್ಲೇ ಇತ್ತು, ಹೇಳಿದಷ್ಟೇ ದೊಡ್ಡದಾಗಿತ್ತು. "ಎಲ್ಲಾ ಸರಿಯಾಗೇ ಇದೆ. ಆದ್ರೂ ಏನೋ ಎಡವಟ್ಟಾಗಿದೆ. ಅಣ್ಣಾ, ನೀನೇ ಬಂದು ನೋಡು."

ಮಗಳು ಅಪ್ಪನ ಕಡೆ ತಿರುಗಿದಳು. ಚಿಕ್ಕಪ್ಪನ ಕಣ್ಣಿಗೆ ಮಣ್ಣೆರಚಬಹುದು, ಜೀವಮಾನವೆಲ್ಲ ಬೋರ್ಡು ಬರೆದವನ ಕಣ್ಣಿಗಲ್ಲ. ಅಕ್ಷರಗಳಿನ್ನೂ ಹಸಿಯಾಗಿದ್ದವು. ಅವನು ಬಟ್ಟೆ ತೆಗೆದುಕೊಂಡು ಒಮ್ಮೆ ಎಳೆದರೆ ಅಮ್ಮನ ಹೆಸರು ಅಳಿಸಿಹೋಗುತ್ತಿತ್ತು.

ಅಪ್ಪ ಎದ್ದು ರಸ್ತೆಯ ನಡುವಿಗೆ ಹೋಗಿ ನಿಂತ. ಒಂದು ಸೈಕಲ್ಲು ಗಂಟೆ ಬಾರಿಸಿಕೊಂಡು ಅವನನ್ನು ಬಳಸಿ ಹೋಯಿತು. ತುಂಬ ಹೊತ್ತು ನೋಡಿದ. ಮಗಳ ಮುಖವನ್ನೂ ನೋಡಿದ. ವಾಪಸು ಬಂದು ಕೈ ಚಾಚಿದ.

"ಬ್ರಷ್ ಕೊಡು."

"ಹಾಗೆ ಹೇಳು ಮತ್ತೆ!" ಚಿಕ್ಕಪ್ಪ ಗೆಲುವಾದ. "ನಿನ್ನ ಹೆಸರಿಗೊಂದು ಬಿಳಿ ಅಂಚು ಹೊಡೆದುಬಿಡು, ಎದ್ದು ಕಾಣುತ್ತೆ."

ಮಗಳು ಬ್ರಷ್ ಕೊಟ್ಟಳು. ಕೊಡದೆ ಬೇರೆ ದಾರಿಯಿರಲಿಲ್ಲ. ಅಪ್ಪ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಬಿಳಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಕಪ್ಪಿನ ಡಬ್ಬಿಯಲ್ಲಿ ಬ್ರಷ್ ಅದ್ದಿದ. ತನ್ನ ಹೆಸರಿನ ಮೊದಲ ಅಕ್ಷರದ ಮೇಲೆ ನಿಧಾನವಾಗಿ ಎಳೆದ. ಅಕ್ಷರ ಹಲಗೆಯೊಳಗೆ ಮುಳುಗಿತು.

ಬೀದಿಯ ತಿರುವಿನಲ್ಲಿ ಗಾಡಿಯ ಸದ್ದು ಕೇಳಿಸಿತು. ಒಳಗಿನಿಂದ ಹೆಂಗಸರು ಏಳುತ್ತಿದ್ದರು. "ಅಣ್ಣಾ, ಗಾಡಿ ಬಂತು," ಅಂದ ಚಿಕ್ಕಪ್ಪ, ಮೆಲ್ಲಗೆ.

"ಇನ್ನೊಂದಕ್ಷರ ಇದೆ, ತಾಳು," ಎಂದು ಅಪ್ಪ ಬ್ರಷನ್ನು ಮತ್ತೆ ಕಪ್ಪಿನಲ್ಲಿ ಅದ್ದಿದ.