ಡ್ರಿಲ್ ಮಾಸ್ತರರ ಹೆಜ್ಜೆ

ಹೆಡ್‌ಫೋನನ್ನು ತಲೆಯ ಮೇಲೆ ಏರಿಸಿದರೆ ತುರುಬು ಕೆಡುತ್ತದೆಂದು ಅಮ್ಮ ಅದನ್ನು ಗಲ್ಲದ ಕೆಳಗೆ ತೂಗುಬಿಟ್ಟುಕೊಂಡು, ಎರಡು ಕೈಯಿಂದಲೂ ಕಿವಿಗೆ ಒತ್ತಿ ಹಿಡಿದು ಕುಳಿತಿದ್ದಳು. ಹಾಗೆ ಹಿಡಿದರೆ ಆಡುವುದಕ್ಕೆ ಕೈ ಎಲ್ಲಿಂದ ಬರಬೇಕು? ಗಾಜಿನ ಗೋಡೆಯ ಈಚೆ ನಿಂತಿದ್ದ ಮಗ ಹಣೆ ಚಚ್ಚಿಕೊಂಡ. ಕೊನೆಗೆ ಪಕ್ಕದ ಕುರ್ಚಿಯಲ್ಲಿ ಆಡಲು ಕುಳಿತಿದ್ದ ನರ್ಸ್ ಎದ್ದು, ಅದರ ಪಟ್ಟಿಯನ್ನು ತುರುಬಿನ ಕೆಳಗೆ ಕತ್ತಿನ ಹಿಂದೆ ಸೇರಿಸಿ ಕೂರಿಸಿದಳು.

"ಸರಿ ಹೋಯ್ತಾ ಅಮ್ಮ?"

"ಹೋಯ್ತು ತಾಯಿ. ಆದ್ರೆ ನಾನು ಯಾರಿಗೂ ಗುಂಡು ಹೊಡೆಯೋಳಲ್ಲ, ಈಗಲೇ ಹೇಳ್ಬಿಟ್ಟಿದ್ದೀನಿ."

ಮಗನನ್ನು ಆಫೀಸಿನಲ್ಲಿ ಎಲ್ಲರೂ ಸದ್ದಪ್ಪ ಎನ್ನುತ್ತಿದ್ದರು. ಕೆಲಸವೇ ಅಂಥದ್ದು. ವಿಡಿಯೋ ಗೇಮಿನಲ್ಲಿ ಬಾಗಿಲು ಕಿರುಗುಟ್ಟಬೇಕೆಂದರೆ ಎಲ್ಲೋ ಒಂದು ಕಡೆ ನಿಜವಾದ ಬಾಗಿಲನ್ನು ಯಾರೋ ಕಿರುಗುಟ್ಟಿಸಬೇಕಲ್ಲ, ಆ ಯಾರೋ ಇವನು. ಇವನ ಕೋಣೆಯಲ್ಲಿ ಜೋಡಿ ತಪ್ಪಿದ ಬೂಟುಗಳು, ಜಲ್ಲಿ ತುಂಬಿದ ತಟ್ಟೆ, ಹಳೆಯ ಹಲಗೆಗಳು, ಒಡೆದ ಹೆಂಚು ಎಲ್ಲ ಇದ್ದವು. ಗುಡಿಸಲು ಬರುವಾಕೆ ಇದರಲ್ಲಿ ಕಸ ಯಾವುದು, ಕಸುಬು ಯಾವುದು ಎಂದು ಕೇಳಿಯೇ ಪೊರಕೆ ಆಡಿಸುತ್ತಿದ್ದಳು.

ಆಫೀಸಿನವರು ಮಾಡುತ್ತಿದ್ದುದು ಬಂದೂಕಿನ ಆಟ. ಆದರೆ ಅದರಲ್ಲಿ ಗುಂಡು ಹಾರಿಸುವುದಕ್ಕಿಂತ ಉಸಿರು ಬಿಗಿಹಿಡಿದು ಕಾಯುವುದೇ ಹೆಚ್ಚು. ಒಂದು ಕಟ್ಟಡದೊಳಗೆ ಐವರು ಒಂದು ಪೆಟ್ಟಿಗೆಯನ್ನು ಕಾಯಬೇಕು. ಹೊರಗಿನಿಂದ ಐವರು ಅದನ್ನು ಹಾರಿಸಿಕೊಂಡು ಹೋಗಲು ಬರುತ್ತಾರೆ. ಯಾರು ಎಲ್ಲಿಂದ ಬರುತ್ತಿದ್ದಾರೆಂದು ಪರದೆಯ ಮೇಲೆ ಯಾವ ಗುರುತೂ ಇಲ್ಲ. ಹೆಜ್ಜೆಯ ಸದ್ದು ಕೇಳಿಯೇ ತಿಳಿಯಬೇಕು. ಹಳೆಯ ಆಟಗಾರರು ಇದಕ್ಕೆ ಪ್ರಾಣ ಬಿಡುತ್ತಿದ್ದರು. ಹೊಸಬರು ನಿಜಕ್ಕೂ ಪ್ರಾಣ ಬಿಡುತ್ತಿದ್ದರು, ಅದೂ ಮೊದಲ ನಿಮಿಷದಲ್ಲೇ.

ತಂಡವನ್ನು ನಡೆಸುತ್ತಿದ್ದ ಮೇಡಂ ಒಂದು ದಿನ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದರು: "ನಮ್ಮ ಆಟ ಆಡೋರೆಲ್ಲ ನಮ್ಮ ಹಾಗೇ ತಲೆಕೆಟ್ಟೋರು. ಹೊಸಬರು ಬರ್ತಾರೆ, ಸಾಯ್ತಾರೆ, ಹೋಗ್ತಾರೆ. ಮತ್ತೆ ಈ ಕಡೆ ತಲೆ ಹಾಕಿ ಮಲಗಲ್ಲ. ಈ ಸಲದ ಆಟ ಎಲ್ಲರದ್ದೂ ಆಗ್ಬೇಕು. ಅಂಗಡಿಯವರು, ಡ್ರೈವರುಗಳು, ಅಜ್ಜಿಯರು, ಎಲ್ಲರೂ ಆಡ್ಬೇಕು." ಅದಕ್ಕೆ ಅವರು ಕಂಡುಕೊಂಡ ಉಪಾಯ ಒಂದು ಕೆಂಪು ಬಾಣ. ವೈರಿ ಯಾವ ದಿಕ್ಕಿನಿಂದ ಬಂದರೂ ಬಾಣ ಆ ಕಡೆ ತಿರುಗುತ್ತದೆ. ಕಿವಿಗೆ ಕೆಲಸವಿಲ್ಲ, ಹಿಂದೆ ಒಂದು ಜೋರು ಹಾಡು ಹಾಕಿಬಿಟ್ಟರೆ ಆಯಿತು.

ಸದ್ದಪ್ಪ ವರ್ಷಗಟ್ಟಲೆ ಹೆಜ್ಜೆಗಳನ್ನು ಕೂಡಿಟ್ಟದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತಿತ್ತು. ಅವನು ಜಗಳವಾಡಿದ, ಮುನಿಸಿಕೊಂಡ, ಚಹಾ ಬಿಟ್ಟ. ಕೊನೆಗೆ ಮೇಡಂ ಒಂದು ಮಾತಿಗೆ ಒಪ್ಪಿದರು. ಆಟವೇ ಗೊತ್ತಿಲ್ಲದವರನ್ನು ಕರೆಸಿ ಎರಡು ಕೋಣೆಯಲ್ಲಿ ಕೂರಿಸುವುದು. ಒಂದರಲ್ಲಿ ಬಾಣ, ಇನ್ನೊಂದರಲ್ಲಿ ಬರೀ ಹೆಜ್ಜೆ. ಎರಡರಲ್ಲೂ ವೈರಿಗಳನ್ನು ಆಡಿಸುವುದು ಕಂಪ್ಯೂಟರು. ಯಾವ ಕೋಣೆಯವರಿಗೆ ಆಟ ಹಿಡಿಸುತ್ತದೋ ಅದೇ ಖಾಯಂ.

ಆ ಬೆಳಿಗ್ಗೆ ಹೆಜ್ಜೆಯ ಕೋಣೆಗೆ ಬರಬೇಕಾದ ಒಬ್ಬರು ಕೈಕೊಟ್ಟರು. ಬೇರೆ ದಾರಿ ಕಾಣದೆ ಅವನು ಮನೆಗೆ ಫೋನು ಮಾಡಿದ.

"ಬಂದೂಕಿನ ಆಟಾನಾ? ಥೂ, ನನ್ನ ಕೈಲಾಗಲ್ಲಪ್ಪ," ಎಂದಳು ಅಮ್ಮ.

"ಚಹಾ ಬಿಸ್ಕತ್ತು ಕೊಡ್ತಾರೆ."

"ಎಂಥ ಬಿಸ್ಕತ್ತು?"

"ಕ್ರೀಮ್ ಇರೋದು."

"ನಿಮ್ಮಪ್ಪಂಗೆ ಹೇಳ್ಬೇಡ. ಆಟೋ ಹಿಡಿದು ಬರ್ತೀನಿ."

ಅಮ್ಮನಿಗೆ ಸಕ್ಕರೆ ಕಾಯಿಲೆ. ಅವಳು ಸಿಹಿ ಮುಟ್ಟದ ಹಾಗೆ ಅಪ್ಪ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾವಲಿದ್ದ. ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು, ನಿವೃತ್ತನಾದರೂ ಹಿಮ್ಮಡಿಗೆ ಉಕ್ಕಿನ ಲಾಳ ಹೊಡೆಸಿದ ಬೂಟನ್ನು ಬಿಟ್ಟಿರಲಿಲ್ಲ. ಆ ಬೂಟು ವರಾಂಡದ ತುದಿಯಲ್ಲಿ ಟಕ್ಕೆಂದರೆ ಸಾಕು, ಇಡೀ ಶಾಲೆಯ ಬಾಯಿಗೆ ಬೀಗ ಬೀಳುತ್ತಿತ್ತಂತೆ.

ಆ ಹೆಜ್ಜೆಯನ್ನು ಆಟಕ್ಕೆ ಹಾಕಿಕೊಳ್ಳಬೇಕೆಂದು ಮಗ ಒಮ್ಮೆ ಮನೆಯ ಮರದ ಮೆಟ್ಟಿಲು ಹತ್ತಲು ಹೇಳಿದ್ದ. ಮೈಕು ಕಂಡದ್ದೇ ತಡ, ಅಪ್ಪ ಎದೆಯುಬ್ಬಿಸಿ ಕವಾಯತು ಶುರುಮಾಡಿದ. ಅದು ಯಾವ ಕೆಲಸಕ್ಕೂ ಬರಲಿಲ್ಲ. ಆಮೇಲೆ ಮೈಕನ್ನು ಮೆಟ್ಟಿಲ ಕೆಳಗೆ ಬಚ್ಚಿಟ್ಟು, ಸಂಜೆ ವಾಕಿಂಗ್ ಮುಗಿಸಿ ಬರುವ ಅಪ್ಪನನ್ನು ಕದ್ದು ಹಿಡಿದ. ಬಲಗಾಲಿನ ಟಕ್, ಎಡಗಾಲಿನ ಕೊಂಚ ಎಳೆತ, ಮತ್ತೆ ಟಕ್. ಕೊನೆಯ ಮೆಟ್ಟಿಲಿಗೆ ಬರುವ ಮುಂಚೆ ಎಲ್ಲ ನಿಂತುಹೋಗಿ, ಒಂದು ಗಳಿಗೆ ಬಿಟ್ಟು, ಒಂದು ಕೆಮ್ಮು. ಆ ನಿಲುಗಡೆಯನ್ನು ಕತ್ತರಿಸಿಬಿಡು ಎಂದು ಆಫೀಸಿನವರು ಹೇಳಿದರೂ ಇವನು ಕತ್ತರಿಸಿರಲಿಲ್ಲ. ವಯಸ್ಸಾದ ಮಂಡಿ, ದಣಿವು ಇರುತ್ತದೆ. ಮನುಷ್ಯನ ಹೆಜ್ಜೆ ಅಂದರೆ ಅದೇ ತಾನೇ ಎಂದು ಅವನ ವಾದ. ಆ ಸದ್ದನ್ನು ಆಟದಲ್ಲಿ ಎಲ್ಲರಿಗಿಂತ ದೊಡ್ಡ ವೈರಿಗೆ, ದೈತ್ಯ ಎಂದು ಕರೆಯುವವನಿಗೆ, ತೊಡಿಸಿದ್ದ. ಈ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೊದಲ ಆಟ ನೋಡಲಾಗಲಿಲ್ಲ. ಬಾಣದ ಕೋಣೆಯವರು ಬಾಣ ನೋಡಿದರು, ಗುಂಡು ಹೊಡೆದರು, ಗೆದ್ದರು, ಕುರ್ಚಿಗೆ ಒರಗಿದರು. ಹೆಜ್ಜೆಯ ಕೋಣೆಯಲ್ಲಿ ಸಂತೆ ನೆರೆದಿತ್ತು. ಶಾಲಾ ಬಸ್ಸಿನ ಡ್ರೈವರು ಸ್ಟೇರಿಂಗ್ ಹಿಡಿದವನ ಹಾಗೆ ಮೈಯೆಲ್ಲ ತಿರುಗಿಸುತ್ತಿದ್ದ. ಜೆರಾಕ್ಸ್ ಅಂಗಡಿಯ ಗಂಡ ಹೆಂಡತಿ, "ಎಡಕ್ಕೆ ಹೋಗು ಅಂದ್ನಲ್ಲ!" "ನೀವು ಯಾವತ್ತು ಎಡ ಬಲ ಸರಿಯಾಗಿ ಹೇಳಿದ್ದೀರಿ?" ಎಂದು ಕಚ್ಚಾಡುತ್ತಿದ್ದರು. ಅಮ್ಮ ಗೋಡೆಗೆ ಮುಖ ಮಾಡಿ ನಿಂತೇ ಸತ್ತಳು. ಮೇಡಂ ಸದ್ದಪ್ಪನ ಭುಜ ತಟ್ಟಿದರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವನಿಗೆ.

ಎರಡನೆಯ ಆಟ ಶುರುವಾಯಿತು. ಮತ್ತೆ ಅದೇ ಗಲಾಟೆ. ಅದರ ನಡುವೆ ಅಮ್ಮ ಇದ್ದಕ್ಕಿದ್ದಂತೆ ನೆಟ್ಟಗಾದಳು.

"ಶ್! ಎಲ್ಲರೂ ಬಾಯಿ ಮುಚ್ಕೊಳ್ಳಿ. ನಮ್ಮನೆಯವರು ಬರ್ತಿದ್ದಾರೆ!"

ಡ್ರೈವರು ಗಾಬರಿಯಾಗಿ ಕೋಣೆಯ ಬಾಗಿಲ ಕಡೆ ನೋಡಿದ. "ಎಲ್ಲಿ?"

"ಅಲ್ಲಲ್ಲ, ಇದರೊಳಗೆ. ಮೆಟ್ಟಿಲು ಹತ್ತುತ್ತಿದ್ದಾರೆ. ಅಯ್ಯೋ, ಆ ಪೆಟ್ಟಿಗೆ ಹೀಗೆ ಎದುರಿಗೇ ಇಟ್ಟಿದ್ದೀರಲ್ಲ, ನಿಮಗೆ ಬುದ್ಧಿ ಬೇಡವಾ! ಇದನ್ನ ಎತ್ತೋದು ಹೇಗೆ?"

"ಆ ಗುಂಡಿ ಒತ್ತಿ," ಎಂದಳು ನರ್ಸ್, ಯಾಕೋ ಪಿಸುದನಿಯಲ್ಲಿ.

ಪೆಟ್ಟಿಗೆಯನ್ನು ಎತ್ತಬಹುದೆಂದು ಆಟದ ನಿಯಮದಲ್ಲೇ ಇತ್ತು. ಆದರೆ ಎತ್ತಿದವರ ಕೈಯಲ್ಲಿ ಬಂದೂಕು ಇರುವುದಿಲ್ಲವಾದ್ದರಿಂದ ಹಳೆಯ ಹುಲಿಗಳು ಯಾರೂ ಆ ಗೋಜಿಗೆ ಹೋದವರಲ್ಲ. ಅಮ್ಮನಿಗೆ ಬಂದೂಕು ಬೇಕಾಗಿಯೂ ಇರಲಿಲ್ಲ.

"ಈಗ ಅವರು ಕೊನೇ ಮೆಟ್ಟಿಲ ಹತ್ರ ನಿಲ್ತಾರೆ ನೋಡಿ. ಪಾಪ, ಸುಸ್ತು. ಅಷ್ಟೊತ್ತು ಸಾಕು ನಮಗೆ." ಹೆಜ್ಜೆ ನಿಂತಿತು. ಅಮ್ಮ ಪೆಟ್ಟಿಗೆ ಹೊತ್ತು ಹಿಂದಿನ ಬಾಗಿಲಿಂದ ದಾಟಿ, ಕಟ್ಟಡದ ಅಡುಗೆಮನೆಯ ಬೀರುವಿನ ಹಿಂದೆ ನುಸುಳಿ ಕುಳಿತಳು. ದೈತ್ಯ ಕೆಮ್ಮಿ ಒಳಗೆ ಬಂದ. ಖಾಲಿ ಕೋಣೆಯಲ್ಲಿ ಸುತ್ತಿದ. ಅವನ ಜೊತೆಗಾರರೂ ಬಂದು ಸುತ್ತಿದರು. ಐವರು ಆಟಗಾರರು ಉಸಿರು ಬಿಡದೆ ಕೇಳುತ್ತಿದ್ದರು. "ನನ್ನ ಹತ್ರ ಬರ್ತಿದ್ದಾನೆ," "ಇಲ್ಲ, ಆ ಕಡೆ ಹೋದ," "ಬೂಟು ಕಲ್ಲಿನ ಮೇಲಿದೆ, ಅಂದ್ರೆ ಅಂಗಳದಲ್ಲಿದ್ದಾನೆ." ಜೆರಾಕ್ಸ್ ಅಂಗಡಿಯ ಹೆಂಡತಿ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸಮಯ ಮುಗಿದು ಪರದೆ ಹಸಿರಾಯಿತು. ಒಂದೂ ಗುಂಡು ಹಾರಿರಲಿಲ್ಲ.

ಕೋಣೆ ಹಾರಿಹೋಗುವ ಹಾಗೆ ಕೂಗೆದ್ದಿತು. ಡ್ರೈವರು ಅಮ್ಮನ ಕಾಲಿಗೇ ಬಿದ್ದ. "ಏನಮ್ಮಾ ನೀವು! ಎಲ್ಲಿ ಕಲಿತ್ರಿ ಇದನ್ನ?"

"ಕಲಿಯೋದೇನು ಬಂತು? ಮದುವೆಯಾದಾಗಿಂದ ಇದೇ ಕಸುಬು," ಎಂದಳು ಅಮ್ಮ. ಕೂಡಲೇ ಗಾಜಿನಾಚೆ ಮಗನನ್ನು ಕಂಡು, ನಾಲಿಗೆ ಕಚ್ಚಿಕೊಂಡಳು.

ಮೇಡಂಗೆ ನಗು ತಡೆಯಲಾಗಲಿಲ್ಲ, ಆದರೂ ಒಪ್ಪಲಿಲ್ಲ. "ಅವರ ಯಜಮಾನರ ಹೆಜ್ಜೆ ಅವರಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗ್ಬೇಕು? ಇದು ಲೆಕ್ಕಕ್ಕಿಲ್ಲ. ದೈತ್ಯನ್ನ ತೆಗೀರಿ. ಅಮ್ಮನವರು ಚಹಾ ಕುಡೀಲಿ. ಮಿಕ್ಕ ನಾಲ್ಕು ಜನ ಆಡಲಿ."

ಅಮ್ಮ ಬಿಸ್ಕತ್ತಿನ ತಟ್ಟೆಯ ಪಕ್ಕ ಕುಳಿತು, ಈ ಶಿಕ್ಷೆಯನ್ನು ಮರುಮಾತಿಲ್ಲದೆ ಅನುಭವಿಸಿದಳು. ಸದ್ದಪ್ಪ ಮಾತ್ರ ಗಾಜಿಗೆ ಇನ್ನಷ್ಟು ಹತ್ತಿರ ಸರಿದ. ಮಿಕ್ಕವರಿಗೆ ಅಪ್ಪನೂ ಇಲ್ಲ, ಅಪ್ಪನ ಬೂಟೂ ಇಲ್ಲ. ಮತ್ತೆ ಗಲಾಟೆ ಎದ್ದರೆ ಇಲ್ಲಿಗೆ ಎಲ್ಲ ಮುಗಿಯಿತು.

ಗಲಾಟೆ ಏಳಲಿಲ್ಲ. ನಾಲ್ವರೂ ಕಣ್ಣು ಅರೆಮುಚ್ಚಿ ಕುಳಿತಿದ್ದರು.

"ರಬ್ಬರ್ ಅಟ್ಟೆ," ಎಂದಳು ನರ್ಸ್ ಮೆಲ್ಲಗೆ. "ನಮ್ಮ ದೊಡ್ಡ ಡಾಕ್ಟ್ರು ಹೀಗೇ ಬರೋದು. ಸದ್ದು ಕೇಳೋ ಹೊತ್ತಿಗೆ ಹಾಸಿಗೆ ಪಕ್ಕ ಇರ್ತಾರೆ. ಬಾಗಿಲು ಹಾಕಿ, ಬಾಗಿಲು ಹಾಕಿ!"

"ನನ್ನ ಕಡೆಯವನು ಕಾಲೆಳೀತಾನೆ," ಎಂದ ಡ್ರೈವರು. "ಸೋಮವಾರದ ದಿನ ಮಕ್ಕಳು ಬಸ್ಸು ಹತ್ತೋ ಹಾಗೆ."

"ರೀ, ಈ ಟಪಟಪ ಕೇಳಿಸ್ತಾ? ನಿಮ್ಮಮ್ಮ ಬಂದ ಹಾಗಿದೆ," ಎಂದಳು ಜೆರಾಕ್ಸಿನ ಹೆಂಡತಿ.

"ಹಾಗಾದ್ರೆ ಓಡು! ಪೆಟ್ಟಿಗೆ ತಗೊಂಡು ಓಡು!" ಎಂದ ಗಂಡ. ಜೀವಮಾನದಲ್ಲಿ ಮೊದಲ ಸಲ ಇಬ್ಬರೂ ಒಂದೇ ದಿಕ್ಕಿಗೆ ಓಡಿದರು.

ಓಡಿದರೂ ಸಿಕ್ಕಿಬಿದ್ದರು. ಸಮಯ ಮುಗಿಯಲು ಇನ್ನೇನು ಎನ್ನುವಾಗ ರಬ್ಬರ್ ಅಟ್ಟೆಯವನು ಕಿಟಕಿಯಿಂದ ಬಂದು ಪೆಟ್ಟಿಗೆ ಕಸಿದ. ಸೋತ ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಇನ್ನೊಂದ್ಸಲ," ಎಂದ ಡ್ರೈವರು. "ಇನ್ನೊಂದೇ ಒಂದ್ಸಲ, ಬಸ್ಸಿಗೆ ಹೊತ್ತಾಗುತ್ತೆ, ಆದ್ರೂ ಇನ್ನೊಂದ್ಸಲ." ಅತ್ತ ಬಾಣದ ಕೋಣೆಯವರು ಎಲ್ಲ ಆಟ ಗೆದ್ದು, ಚಹಾ ಕುಡಿದು, ಹೊರಡಲು ಎದ್ದಿದ್ದರು. ಇಲ್ಲಿನ ಕೂಗಾಟ ಕೇಳಿ ಒಬ್ಬೊಬ್ಬರಾಗಿ ಬಂದು ಗಾಜಿಗೆ ಮೂಗು ಒತ್ತಿ ನಿಂತರು. ಒಬ್ಬಾಕೆ ಬಾಗಿಲು ತೆರೆದು ಕೇಳಿಯೇಬಿಟ್ಟಳು: "ಅಮ್ಮನವರ ಜಾಗ ಖಾಲಿ ಇದೆಯಲ್ಲ, ನಾನು ಕೂತ್ಕೊಳ್ಳಲಾ?"

ಮೇಡಂ ತಾವೂ ಒಂದು ಹೆಡ್‌ಫೋನು ಏರಿಸಿಕೊಂಡು ಕೇಳುತ್ತ ನಿಂತರು. ಯಾರದೋ ಹೆಜ್ಜೆ ಹತ್ತಿರ ಬಂದಾಗ ತಮಗೇ ಗೊತ್ತಿಲ್ಲದೆ ಕಂಬದ ಮರೆಗೆ ಸರಿದರು. ಆಮೇಲೆ ಅದನ್ನು ತೆಗೆದು ಸದ್ದಪ್ಪನ ಕೈಗೆ ಕೊಟ್ಟರು.

"ಬಾಣ ಬೇಡ ಮಾರಾಯ. ನಿನ್ನ ಹೆಜ್ಜೆಗಳೇ ಇರಲಿ. ಹೊಸಬರಿಗೆ ಮೊದಲ ಪಾಠ ಗುಂಡು ಹೊಡೆಯೋದಲ್ಲ, ಪೆಟ್ಟಿಗೆ ಬಚ್ಚಿಡೋದು. ಅದನ್ನ ನಿಮ್ಮಮ್ಮನ ಕೈಲೇ ಬರೆಸು."

ಸದ್ದಪ್ಪನಿಗೆ ಕುಣಿಯಬೇಕೆನ್ನಿಸಿತು, ಕುಣಿಯಲು ಬಾರದ್ದರಿಂದ ಹೋಗಿ ಅಮ್ಮನ ತಟ್ಟೆಯಿಂದ ಬಿಸ್ಕತ್ತು ತೆಗೆದುಕೊಂಡ. ಮರಳುವ ದಾರಿಯುದ್ದಕ್ಕೂ ಅಮ್ಮ ಅವನಿಂದ ಆಣೆ ಮಾಡಿಸಿಕೊಂಡಳು. "ಹೆಜ್ಜೆ ಕದ್ದಿದ್ದು ಬೇಕಾದ್ರೆ ಹೇಳು. ಬಿಸ್ಕತ್ತಿನ ವಿಷಯ ಎತ್ತಿದ್ಯೋ, ನನ್ನ ಮಗನೇ ಅಲ್ಲ ನೀನು."

ಆಟ ಹೊರಬಂತು. ಜನ ಮುಗಿಬಿದ್ದರು. ಕ್ಷೌರದಂಗಡಿಯಲ್ಲಿ ಕಾಯುವವರು ಆಡಿದರು, ಕಾಲೇಜಿನವರು ಆಡಿದರು, ಹಗಲು ಮನೆಯಲ್ಲಿ ಒಬ್ಬರೇ ಇರುವ ಹೆಂಗಸರು ಗುಂಪು ಕಟ್ಟಿಕೊಂಡು ಆಡಿದರು. ಹಳೆಯ ಹುಲಿಗಳು, ಆಟ ಕೆಟ್ಟುಹೋಯಿತು ಎಂದು ಗೊಣಗುತ್ತ, ಎದುರುಮನೆಯ ಅಜ್ಜಿಯ ಕೈಯಲ್ಲಿ ಸೋತರು. ಅಪ್ಪನಂತೂ ತಾನೇ ದೈತ್ಯನೆಂದು ತಿಳಿದ ದಿನ ಬೂಟಿಗೆ ಹೊಸ ಲಾಳ ಹೊಡೆಸಿಕೊಂಡು ಬಂದ. ಅವನು ಬೀದಿಗೆ ಕಾಲಿಟ್ಟರೆ ಸಾಕು, ಮಕ್ಕಳು "ದೈತ್ಯ ಬಂದ!" ಎಂದು ಕಿರುಚಿ, ಕೈಗೆ ಸಿಕ್ಕ ಚೀಲ ಎತ್ತಿಕೊಂಡು ಸಂದಿಗೊಂದಿಗೆ ಓಡುತ್ತಿದ್ದವು. ಅಪ್ಪ ಮೀಸೆ ತಿರುವುತ್ತ ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದ.

ಅಂಥದೊಂದು ಸಂಜೆ ಅಪ್ಪ ವಾಕಿಂಗ್ ಮುಗಿಸಿ ಬರುವುದೂ ಮಗ ಆಫೀಸಿನಿಂದ ಬರುವುದೂ ಒಟ್ಟಿಗೇ ಆಯಿತು. ಇಬ್ಬರೂ ಮಾತಾಡುತ್ತ ಮೆಟ್ಟಿಲೇರಿದರು. ಅಪ್ಪ ಮಕ್ಕಳ ಕಥೆ ಹೇಳುತ್ತಿದ್ದ. ದನಿಯಲ್ಲಿ ದಣಿವಿನ ಸುಳಿವೂ ಇರಲಿಲ್ಲ. ಕೊನೆಯ ಮೆಟ್ಟಿಲೊಂದೇ ಬಾಕಿ ಇರುವಾಗ ಅವನು ಮಾತು ನಿಲ್ಲಿಸಿ, ಕೈಯನ್ನು ಮಗನ ಎದೆಗೆ ಅಡ್ಡ ಹಿಡಿದ.

"ತಾಳು," ಎಂದ ಪಿಸುದನಿಯಲ್ಲಿ.

ಒಳಗೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಕೂತ ಸದ್ದು. ಆಮೇಲೆ ಹೊಲಿಗೆ ಮಿಷನ್ನಿನ ಡ್ರಾಯರು ಮೆಲ್ಲಗೆ, ಅರ್ಧಕ್ಕೆ ಒಮ್ಮೆ ಸಿಕ್ಕಿಕೊಂಡು, ಪೂರ್ತಿ ಮುಚ್ಚಿದ ಸದ್ದು. ಸೀರೆಯ ಸೆರಗು ಕೊಡವಿದ ಸದ್ದು.

ಅಪ್ಪ ಕೈ ಇಳಿಸಿದ. ಗಂಟಲು ಸರಿಮಾಡಿಕೊಂಡು ಒಮ್ಮೆ ಜೋರಾಗಿ ಕೆಮ್ಮಿ, ಬೂಟಿನ ಲಾಳವನ್ನು ಮರದ ಮೇಲೆ ಟಕ್ಕೆನ್ನಿಸಿ, ಕೊನೆಯ ಮೆಟ್ಟಿಲು ಹತ್ತಿದ.