ತಳಕ್ಕೆ ವರ್ಷ ಕೆರೆದ ತೋಟಾಗಳು

ಅಪ್ಪ ಸಾಯುವಾಗ ಮನೆಯನ್ನು ಅಮ್ಮನಿಗೆ ಬಿಟ್ಟ, ಬೇಟೆ ಕ್ಯಾಂಪ್ ಎನ್ನುವ ಕಾಡಿನೊಳಗಿನ ಮರದ ಮನೆಯನ್ನು ನಮ್ಮಿಬ್ಬರು ಮಕ್ಕಳಿಗೆ ಬಿಟ್ಟ, ತನ್ನ ಕೋವಿಯನ್ನೂ ಹದಿನಾರು ತೋಟಾಗಳನ್ನೂ ಮಾತ್ರ ನನ್ನ ಅಣ್ಣ ಟೈಸ್ಟೊ ಒಬ್ಬನಿಗೇ ಬಿಟ್ಟ. ಅರ್ಧ ಕ್ಯಾಂಪ್ ಸಿಕ್ಕಿತಲ್ಲ, ಇನ್ನೇನು ಬೇಕು ಎಂದು ದಕ್ಷಿಣದ ಪೇಟೆಯವರು ಕೇಳುತ್ತಾರೆ. ಸುಪೀರಿಯರ್ ಸರೋವರದ ಈ ಕಡೆ ಹುಟ್ಟಿದವರು ಯಾರೂ ಹಾಗೆ ಕೇಳುವುದಿಲ್ಲ. ಅಪ್ಪ ಕೈಯಾರೆ ಮದ್ದು ತುಂಬಿದ ತೋಟಾ ಯಾರ ಕೈಗೆ ಹೋಯಿತು ಎಂಬುದು ಇಲ್ಲಿ ಸಣ್ಣ ವಿಷಯವಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಮೂವತ್ತನಾಲ್ಕು ವರ್ಷ ಅವನ ಜೊತೆ ಹಿಮದಲ್ಲಿ ಕೂತವಳು ನಾನು. ನನ್ನ ಹೊಟ್ಟೆ ಉರಿಯಿತು, ಅದರಲ್ಲಿ ಮುಚ್ಚಿಡುವುದೇನಿದೆ.

ತೋಟಾಗಳಿದ್ದದ್ದು ಒಂದು ಮೇಪಲ್ ಮರದ ದಿಮ್ಮಿಯಲ್ಲಿ. ಅಪ್ಪ ಅದಕ್ಕೆ ಹದಿನಾರು ತೂತು ಕೊರೆದು, ಒಂದೊಂದರಲ್ಲಿ ಒಂದೊಂದು ತೋಟಾವನ್ನು ತಲೆಕೆಳಗಾಗಿ ಇಳಿಸಿದ್ದ. ಹೊರಗೆ ಕಾಣುವುದು ಹಿತ್ತಾಳೆಯ ತಳ ಮಾತ್ರ. ತಳಕ್ಕೆ ಅಮ್ಮನ ಕೆಂಪು ಉಗುರುಬಣ್ಣ ಬಳಿದು, ಒಣಗಿದ ಮೇಲೆ ಸೂಜಿಯಿಂದ ಇಸವಿ ಕೆರೆದಿದ್ದ. ವರ್ಷಕ್ಕೆ ಒಂದೇ. ಎರಡನೆಯ ಗುಂಡು ಬೇಕಾಗುವವನು ಮನೆಯಲ್ಲಿ ಆಲೂಗಡ್ಡೆ ಸುಲಿಯಲಿ ಎನ್ನುತ್ತಿದ್ದ. ಬೇಟೆ ಶುರುವಾಗುವ ಹಿಂದಿನ ದಿನ, ಅಂದರೆ ನವೆಂಬರ್ ಹದಿನಾಲ್ಕಕ್ಕೆ, ಆ ವರ್ಷದ್ದನ್ನಷ್ಟೇ ಎತ್ತಬೇಕು, ಉಳಿದವನ್ನು ಮುಟ್ಟಬಾರದು ಎಂದು ಆಸ್ಪತ್ರೆಯ ಹಾಸಿಗೆಯಿಂದಲೇ ಟೈಸ್ಟೊಗೆ ಹೇಳಿದ್ದ. ನಾನೂ ಅಲ್ಲೇ ನಿಂತಿದ್ದೆ, ನನ್ನ ಕಡೆ ನೋಡಲೂ ಇಲ್ಲ.

ಮೊದಲ ವರ್ಷ ಎತ್ತಿದ ತೋಟಾದ ಕೊರಳಿಗೆ ಮೇಣ ಬಳಿದಿತ್ತು. ಯಾಕೆಂದು ಗೊತ್ತಾಗಲಿಲ್ಲ. ಮರುದಿನದಿಂದ ಮೂರು ದಿನ ಮಳೆ ಹೊಯ್ದಿತು. ನವೆಂಬರಿನಲ್ಲಿ ನಮ್ಮಲ್ಲಿ ಬೀಳುವುದು ಹಿಮ, ಮಳೆಯಲ್ಲ. ನಾಲ್ಕನೆಯ ವರ್ಷದ್ದಕ್ಕೆ ಇನ್ನೂರಿಪ್ಪತ್ತು ಗ್ರೇನ್ ತೂಕದ ಗುಂಡು ಕೂರಿಸಿದ್ದ. "ಕರಡಿ ಹೊಡಿಯೋಕೆ ಮಾಡಿದ್ನಾ ಮುದುಕ?" ಎಂದು ಟೈಸ್ಟೊ ನಕ್ಕ. ಮರುದಿನ ಅವನೆದುರು ಬಂದದ್ದು ಹನ್ನೆರಡು ಕವಲು ಕೊಂಬಿನ ಗಂಡು ಜಿಂಕೆ, ಭುಜದ ಮೂಳೆಯನ್ನೇ ಕೊಟ್ಟು ನಿಂತಿತ್ತು. ಏಳನೆಯ ವರ್ಷ ಹಗುರ ಗುಂಡು, ಬಂದದ್ದು ಇಪ್ಪತ್ತು ಹೆಜ್ಜೆಯಲ್ಲಿ ಒಂದು ಎಳೆಯ ಗಂಡು. ಅಪ್ಪ ಸತ್ತ ಮೇಲೆ ಹವಾಮಾನ ಇಲಾಖೆ ಸೇರಿದ್ದಾನೆ ಎಂದು ಟೈಸ್ಟೊ ತಮಾಷೆ ಮಾಡುತ್ತಿದ್ದ. ಆಗೆಲ್ಲ ಇಬ್ಬರೂ ಆ ದಿಮ್ಮಿಯ ಕಡೆಗೆ ಬೆನ್ನು ಮಾಡಿ ಕೂತಿರುತ್ತಿದ್ದೆವು.

ಹನ್ನೊಂದನೆಯ ವರ್ಷ, ಹದಿನಾಲ್ಕರ ಮಧ್ಯಾಹ್ನ, ಮಾಂಸ ತುಂಬಿದ ಪ್ಯಾಸ್ಟಿ ಕಡುಬು ತಿಂದು ಕೈ ಒರೆಸಿಕೊಂಡು ಟೈಸ್ಟೊ ಆ ವರ್ಷದ ತೋಟಾವನ್ನು ಎತ್ತಿದ.

"ಇದೇನು ಮಾರಾಯ್ತಿ, ಮೊಟಕಾಗಿದೆ."

ನನಗೆ ಕನ್ನಡಕವಿಲ್ಲದೆಯೂ ಗೊತ್ತಾಯಿತು. ಅಪ್ಪನ ಕೋವಿ ಸೊನ್ನೆ-ಆರು ಎನ್ನುವ ದೊಡ್ಡ ಅಳತೆಯದು, ಅದರ ತೋಟಾ ಹೆಬ್ಬೆರಳಿಗಿಂತ ಉದ್ದ. ಟೈಸ್ಟೊ ಕೈಯಲ್ಲಿದ್ದದ್ದು ಇನ್ನೂರ ನಲವತ್ತಮೂರು ಎನ್ನುವ ಸಣ್ಣ ಅಳತೆಯದು. ತಳದ ಸುತ್ತಳತೆ ಎರಡಕ್ಕೂ ಒಂದೇ, ಆದ್ದರಿಂದ ಒಂದೇ ಅಳತೆಯ ತೂತಿನಲ್ಲಿ ಹತ್ತು ವರ್ಷ ಕೂತಿದ್ದರೂ ನಮಗೆ ತಿಳಿದಿರಲಿಲ್ಲ. ಮಕ್ಕಳ ಕೋವಿ ಎಂದು ಗಂಡಸರು ಹಂಗಿಸುವ ಅಳತೆ ಅದು. ನನ್ನ ಹದಿನಾಲ್ಕನೆಯ ಹುಟ್ಟುಹಬ್ಬಕ್ಕೆ ಅಪ್ಪ ಕೊಡಿಸಿದ್ದ ಕೋವಿ ಅದೇ. ಹಂಗಿಸಿಕೊಂಡು ಸಾಕಾಗಿ ನಾನು ಭುಜಕ್ಕೆ ಒದೆಯುವ ದೊಡ್ಡದೊಂದನ್ನು ಕೊಂಡ ಮೇಲೆ, ಅದು ಇಪ್ಪತ್ತು ವರ್ಷದಿಂದ ಕ್ಯಾಂಪಿನ ಬಾಗಿಲ ಮೇಲೆ ತೂಗುತ್ತಿತ್ತು.

ಟೈಸ್ಟೊ ಅಪ್ಪನ ಮಾತು ಮೀರಿದ. ಉಳಿದ ಐದನ್ನೂ ಒಂದೊಂದಾಗಿ ಎತ್ತಿ ಮೇಜಿನ ಮೇಲೆ ನಿಲ್ಲಿಸಿದ. ಐದೂ ಇನ್ನೂರ ನಲವತ್ತಮೂರೇ.

"ಅಂದ್ರೆ ಈ ವರ್ಷದಿಂದ ನಂಗೆ ತೋಟಾ ಬೇಕಾಗಲ್ಲ ಅಂತ," ಎಂದು ಅವನು ನಕ್ಕ. ಬಾಯಿ ಮಾತ್ರ ನಕ್ಕಿತು.

"ನಾಳೆ ನೀನು ಹೋಗ್ಬೇಡ."

"ಕೊನೇಲಿ ಅವನ ಕೈ ನಡುಗ್ತಿತ್ತು ಕಣೇ ಲೆಂಪಿ. ತಪ್ಪು ಡಬ್ಬಕ್ಕೆ ಕೈ ಹಾಕಿದಾನೆ, ಅಷ್ಟೇ."

"ಆರು ಸಲನಾ?"

ಅವನು ಆ ವರ್ಷದ ತೋಟಾವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಮದ್ದು ಸರಸರ ಎಂದಿತು. ಅಪ್ಪ ಕೊರಳಿನವರೆಗೆ ಮದ್ದು ತುಂಬುವವನು, ಅವನ ತೋಟಾ ಯಾವತ್ತೂ ಸದ್ದು ಮಾಡಿದ್ದಿಲ್ಲ. ಉಳಿದ ಐದನ್ನು ನಾನೇ ಅಲ್ಲಾಡಿಸಿ ನೋಡಿದೆ, ಅವು ಸುಮ್ಮನಿದ್ದವು.

"ನೋಡು, ಅರ್ಧ ತುಂಬಿ ಮರ್ತಿದಾನೆ. ಇದಕ್ಕೆ ಹೆದರ್ತೀಯಲ್ಲ," ಎಂದು ಟೈಸ್ಟೊ ಗೆದ್ದವನಂತೆ ಹೇಳಿದ.

ಊರಿನ ಅಂಗಡಿಗೆ ಹೋಗಿ ಹೊಸ ತೋಟಾ ತರುತ್ತೇನೆಂದು ಹೊರಟ. ಒಬ್ಬನನ್ನೇ ಬಿಡಲು ಮನಸ್ಸಾಗದೆ ನಾನೂ ಟ್ರಕ್ ಹತ್ತಿದೆ. ಅಂಗಡಿಯ ರೌಹಾ ನಮ್ಮ ಜೊತೆ ಶಾಲೆಗೆ ಬಂದವಳು, ಬಾಯಿ ಸುಮ್ಮನಿರುವುದಿಲ್ಲ.

"ಎಲ್ಯಾಸನ ಮಗ ಅಂಗಡಿ ತೋಟಾ ಕೊಳ್ತಾನೆ ಅಂದ್ರೆ ಹಿಮ ಕಪ್ಪಗೆ ಬೀಳುತ್ತೆ ಇವತ್ತು. ನೂರೈವತ್ತು ಗ್ರೇನಾ, ನೂರೆಂಬತ್ತಾ?"

"ನಮ್ ಕಾಡಲ್ಲಿ ನೂರು ಹೆಜ್ಜೆ ಮೀರಿ ಏನೂ ಕಾಣಲ್ಲ," ಎಂದ ಟೈಸ್ಟೊ. "ನೂರೆಂಬತ್ತು ಕೊಡು. ಪೊದೆ ಗಿದೆ ಅಡ್ಡ ಬಂದ್ರೂ ನುಗ್ಗಿ ಹೋಗ್ಲಿ."

"ನುಗ್ಗಿ ಆ ಕಡೆ ಯಾರಿದಾರೆ ಅಂತ ನೋಡ್ಕೊ ಮತ್ತೆ. ಅದು ಜಿಂಕೇಲಿ ನಿಲ್ಲೋ ಗುಂಡಲ್ಲ," ಎಂದಳು ರೌಹಾ. ನನ್ನ ಕಡೆ ತಿರುಗಿ, "ನಿಂಗೂ ಅದೇ ತಾನೆ?" ಎಂದಳು. ನನ್ನ ದೊಡ್ಡ ಕೋವಿಗೂ ಪ್ರತಿವರ್ಷ ನೂರೆಂಬತ್ತನ್ನೇ ಒಯ್ಯುತ್ತಿದ್ದೆ. ಬಾಯಿ ತೆರೆದೆ, ಬೇಡ ಎಂದುಬಿಟ್ಟೆ. ಯಾಕೆ ಹಾಗೆ ಹೇಳಿದೆನೆಂದು ಟ್ರಕ್ ಹತ್ತುವಾಗ ಗೊತ್ತಾಯಿತು.

ಅಪ್ಪ ಹೇಳಿದಂತೆ ಆ ವರ್ಷದ ತೋಟಾ ಆ ವರ್ಷವೇ ಹಾರಿದರೆ ಅಣ್ಣ ಉಳಿದಾನು ಎಂದು ನನಗೆ ಅನ್ನಿಸಿತ್ತು. ಹರಕೆ ತೀರಿಸುವ ಲೆಕ್ಕಾಚಾರ, ಬುದ್ಧಿಯ ಮಾತಲ್ಲ. ಅಣ್ಣನನ್ನು ಕಟ್ಟಿಹಾಕಲಂತೂ ಆಗುವುದಿಲ್ಲ. ಬಾಗಿಲ ಮೇಲಿನ ಹಳೆಯ ಕೋವಿಯನ್ನು ಇಳಿಸಿ ಎಣ್ಣೆ ಹಾಕಿ ಒರೆಸಿದೆ. ಟೈಸ್ಟೊ ನೋಡಿ, "ಅಳಿಲು ಹೊಡಿಯೋಕಾ?" ಎಂದ.

"ಇನ್ನೊಂದು ಮಾತು," ಎಂದೆ. "ಹತ್ತು ಗಂಟೆ ತನಕ ಕೂತ ಜಾಗ ಬಿಟ್ಟು ಏಳಲ್ಲ ಅಂತ ಆಣೆ ಮಾಡು."

ಅದು ನಮ್ಮ ಕ್ಯಾಂಪಿನ ದೊಡ್ಡ ನಿಯಮ. ಯಾರು ಎಲ್ಲಿದ್ದಾರೆಂದು ಗೊತ್ತಿದ್ದರೆ ತಾನೆ ಗುಂಡು ಯಾವ ಕಡೆ ಬಿಡಬಹುದೆಂದು ಗೊತ್ತಾಗುವುದು. ಟೈಸ್ಟೊಗೆ ಕೂತಲ್ಲಿ ಕೂರಲು ಬರುವುದಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಎದ್ದು ಓಡಾಡಿ ಅಪ್ಪನಿಂದ ಬೆಲ್ಟಿನ ಏಟು ತಿಂದ, ಐವತ್ತನೆಯ ವಯಸ್ಸಿನಲ್ಲೂ ಬೈಸಿಕೊಂಡ.

"ಆಯ್ತು ಮಾರಾಯ್ತಿ, ಆಣೆ," ಎಂದು ಪೆಟ್ಟಿಗೆಯಿಂದ ಐದು ನೂರೆಂಬತ್ತನ್ನು ಜೇಬಿಗೆ ಹಾಕಿಕೊಂಡ.

ಹದಿನೈದರ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಸೀಡರ್ ಮರಗಳ ಜೌಗಿನ ಮೇಲೆ ಮಂಜು ದಪ್ಪಗೆ ಕೂತಿತ್ತು. ನಾನು ನನ್ನ ಮಾಮೂಲಿ ಮರದ ಬೊಡ್ಡೆಯ ಮೇಲೆ ಕೂತೆ. ಟೈಸ್ಟೊ ಅರ್ಧ ಮೈಲಿ ಆಚೆ ದಿಣ್ಣೆಯ ಮೇಲೆ. ಬೇರೆ ವರ್ಷ ಬೆಳಕು ಹರಿಯುವಾಗ ಸುತ್ತಲಿನ ಕ್ಯಾಂಪುಗಳಿಂದ ಗುಂಡಿನ ಸದ್ದು ಬರುತ್ತದೆ. ಆ ದಿನ ಒಂದೂ ಬರಲಿಲ್ಲ, ಒಂದು ಕಾಗೆಯೂ ಕೂಗಲಿಲ್ಲ. ಕೋವಿಯೊಳಗೆ ಒಂದೇ ತೋಟಾ. ಉಸಿರಾಡುವಾಗೆಲ್ಲ ಅದರೊಳಗಿನ ಮದ್ದು ಸರಿದಾಡುವುದು ಕೇಳಿಸುತ್ತಿದೆ ಎಂದು ಭ್ರಮೆಯಾಗುತ್ತಿತ್ತು.

ಒಂಬತ್ತರ ಹೊತ್ತಿಗೆ ಗಂಡು ಜಿಂಕೆ ಬಂತು. ಐವತ್ತು ಹೆಜ್ಜೆ ದೂರದಲ್ಲಿ ಪಕ್ಕೆ ಕೊಟ್ಟು ನಿಂತಿತು. ನಾನು ಕೋವಿ ಎತ್ತಿದ್ದು ಅದಕ್ಕೆ ಕಂಡಿರಲೇಬೇಕು, ಆದರೂ ನನ್ನ ಕಡೆ ತಿರುಗಲಿಲ್ಲ. ಕಿವಿ ಎರಡನ್ನೂ ಹಿಂದಕ್ಕೆ ಮಾಡಿ ಮಂಜಿನೊಳಗೆ ಏನನ್ನೋ ಆಲಿಸುತ್ತಿತ್ತು. ಜಿಂಕೆಯ ಆಚೆ ಏನಿದೆ ನೋಡದೆ ಬೆರಳು ಮಡಚಬೇಡ ಎಂದು ಅಪ್ಪ ನನಗೆ ನೂರು ಸಲ ಹೇಳಿದ್ದಾನೆ. ನೋಡಿದೆ. ಆಚೆ ಬೆಳ್ಳಗಿತ್ತು. ಬೆಳ್ಳಗಿದ್ದದ್ದನ್ನೇ ಖಾಲಿ ಎಂದುಕೊಂಡೆ.

ಗುಂಡು ಹಾರಿತು. ಸದ್ದು ಬಟ್ಟೆ ಒಗೆಯುವ ಪೆಟ್ಟಿನಷ್ಟು ಸಣ್ಣದು, ಭುಜಕ್ಕೆ ತಾಕಲೇ ಇಲ್ಲ. ಜಿಂಕೆ ನಾಲ್ಕು ನೆಗೆತ ನೆಗೆದು ಬಿದ್ದಿತು. ಅದು ನಿಂತಿದ್ದ ಜಾಗದ ನೇರ ಹಿಂದೆ, ಮಂಜು ಕದಡಿದಲ್ಲಿ, ಒಂದು ಕಿತ್ತಳೆ ಟೊಪ್ಪಿ ಕಾಣಿಸಿತು.

ನಾನು ಹೇಗೆ ಅಲ್ಲಿಗೆ ಮುಟ್ಟಿದೆನೋ ತಿಳಿಯದು. ಟೈಸ್ಟೊ ನಿಂತೇ ಇದ್ದ. ಎಡಗೈಯಿಂದ ಎದೆಯನ್ನು ಮೇಲಿನಿಂದ ಕೆಳಗೆ ತಡವಿಕೊಳ್ಳುತ್ತಿದ್ದ, ಮತ್ತೆ ಮೇಲಿನಿಂದ ಶುರುಮಾಡುತ್ತಿದ್ದ.

"ಹೆಜ್ಜೆ ಹಿಡಿದು ಬಂದೆ," ಎಂದ. "ಇದರ ಹೆಜ್ಜೆ ನನ್ನ ದಿಣ್ಣೆ ಪಕ್ಕದಲ್ಲೇ ಇತ್ತು. ಕೂರೋಕಾಗ್ಲಿಲ್ಲ ಲೆಂಪಿ."

"ಎಲ್ಲಿ ತಾಗ್ತು? ಎಲ್ಲಿ ಅಂತ ಹೇಳು."

"ತಾಗಿಲ್ಲ. ಏನೂ ಬಂದೇ ಇಲ್ಲ ಈ ಕಡೆ."

ಅವನ ಕೋಟಿನ ಗುಂಡಿ ಬಿಚ್ಚಿ, ಅಂಗಿ ಎತ್ತಿ ನಾನೇ ನೋಡಿದೆ. ಅರವತ್ತು ವರ್ಷದ ಅಣ್ಣನ ಬಿಳಿ ಹೊಟ್ಟೆ, ಒಂದು ಗೀರೂ ಇಲ್ಲ. ಆಗ ನಾನು ಅತ್ತುಬಿಟ್ಟೆ.

ಜಿಂಕೆಯ ನನ್ನ ಕಡೆಯ ಪಕ್ಕೆಯಲ್ಲಿ ಬೆರಳು ಹೋಗದಷ್ಟು ಸಣ್ಣ ತೂತಿತ್ತು. ಹೊರಳಿಸಿದೆವು. ಆ ಕಡೆ ತೂತಿಲ್ಲ. ಟೈಸ್ಟೊ ಕೈಗವಸು ತೆಗೆದು ಕೂದಲ ಮೇಲೆ ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿ, ನನ್ನ ಬೆರಳನ್ನು ಎಳೆದು ಅಲ್ಲಿ ಇಟ್ಟ. ಚರ್ಮದ ಒಳಗೆ, ಹೊರಗೆ ಬರಲು ಒಂದು ಕೂದಲಿನಷ್ಟೇ ಬಾಕಿ ಇರುವಲ್ಲಿ, ಗುಂಡು ಗಂಟಾಗಿ ನಿಂತಿತ್ತು. ಇನ್ನೂ ಬೆಚ್ಚಗಿತ್ತು.

"ಮದ್ದು ಪೂರ್ತಿ ಇದ್ದಿದ್ರೆ..." ಎಂದು ಅವನು ಶುರುಮಾಡಿ ನಿಲ್ಲಿಸಿದ. ನನ್ನ ದೊಡ್ಡ ಕೋವಿ, ನೂರೆಂಬತ್ತು ಗ್ರೇನ್ ಇಬ್ಬರ ನೆನಪಿಗೂ ಬಂದಿರಬೇಕು. ಅಪ್ಪ ಮರೆತಿರಲಿಲ್ಲ. ಮಗ ಕೂತಲ್ಲಿ ಕೂರುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಅದು ನಮಗೆಲ್ಲ ಗೊತ್ತಿದ್ದದ್ದೇ. ಯಾವ ವರ್ಷ, ಯಾರ ಕೋವಿಯ ಮುಂದೆ ಎಂದು ಹೇಗೆ ಗೊತ್ತಾಯಿತು? ಸಾಯುವವನು ಆಸ್ಪತ್ರೆಯಲ್ಲಿ ನನ್ನ ಕಡೆ ನೋಡದೆ ಇದ್ದದ್ದು ಯಾಕೆಂದು ಆ ಹಿಮದಲ್ಲಿ ಮಂಡಿಯೂರಿದಾಗ ಹೊಳೆಯಿತು. ನೋಡಿದ್ದರೆ ಹೇಳಿಬಿಡುತ್ತಿದ್ದನೇನೋ.

ಟೈಸ್ಟೊ ಅಲ್ಲೇ ಕೋವಿಯ ತೋಟಾಗಳನ್ನೆಲ್ಲ ಉದುರಿಸಿದ. ಮತ್ತೆ ತುಂಬಲಿಲ್ಲ, ಆ ದಿನವಷ್ಟೇ ಅಲ್ಲ, ಆಮೇಲೆ ಯಾವತ್ತೂ. ಈಗ ಪ್ರತಿ ನವೆಂಬರ್ ಕ್ಯಾಂಪಿನಲ್ಲಿ ಆಲೂಗಡ್ಡೆ ಸುಲಿಯುವವನು ಅವನೇ. ದಿಮ್ಮಿಯಲ್ಲಿ ಉಳಿದ ತೋಟಾಗಳು ನನ್ನವು.

ಆ ದಿನ ಕ್ಯಾಂಪಿಗೆ ಬಂದು ಕಾಫಿ ಕುಡಿದ ಮೇಲೆ ಅವನು ಕತ್ತರಿ ಹಿಡಿದುಕೊಂಡು ನನ್ನ ಹಿಂದೆ ಬಂದು ನಿಂತ. ಗುರಿ ತಪ್ಪಿದವರ ಅಂಗಿಯ ಹಿಂಬದಿಯ ತುದಿಯನ್ನು ಕತ್ತರಿಸಿ ಗೋಡೆಗೆ ಹೊಡೆಯುವುದು ನಮ್ಮ ಕಡೆಯ ಪದ್ಧತಿ. ತುಂಡಿನ ಮೇಲೆ ಇಸವಿ, ಹೆಸರು, ತಪ್ಪಿದ್ದು ಏನು, ಎಷ್ಟು ದೂರ ಎಂದು ಬರೆಯುತ್ತೇವೆ. ಅಪ್ಪನದೂ ಒಂದಿದೆ, 'ಎಂಟು ಕವಲು, ಅರವತ್ತು ಹೆಜ್ಜೆ' ಎಂದು.

"ನಾನ್ಯಾಕೆ?" ಎಂದೆ. "ನಾನು ಹೊಡೆದಿದ್ದು ಹೊರಗೆ ತೂಗ್ತಾ ಇದೆಯಲ್ಲ."

"ಸುಮ್ನಿರು," ಎಂದು ಚರ್ರನೆ ಕತ್ತರಿಸಿದ. ಮೊಳೆ ಹುಡುಕಬೇಕಾಗಲಿಲ್ಲ. ಅಪ್ಪನ ತುಂಡಿನ ಪಕ್ಕದಲ್ಲೇ ಖಾಲಿ ಮೊಳೆಯೊಂದು ಇತ್ತು, ತುಕ್ಕು ಹಿಡಿದದ್ದು, ನಮ್ಮಿಬ್ಬರಲ್ಲಿ ಯಾರೂ ಹೊಡೆದದ್ದಲ್ಲ. ಟೈಸ್ಟೊ ಅದರ ತುಕ್ಕನ್ನು ಹೆಬ್ಬೆರಳಿನಿಂದ ಒರೆಸಿ, ಬಟ್ಟೆಯನ್ನು ಅದಕ್ಕೇ ಚುಚ್ಚಿದ. ಆಮೇಲೆ ಪೆನ್ಸಿಲ್ ತೆಗೆದುಕೊಂಡು, ಇಸವಿ ಹಾಕಿ, ನನ್ನ ಹೆಸರು ಹಾಕಿ, ಅದರ ಕೆಳಗೆ ಬರೆದ: ಟೈಸ್ಟೊ, ಎಂಬತ್ತು ಹೆಜ್ಜೆ.