ಎಡಗಡೆ ಪೆಟ್ಟಿಗೆಯ ತಂತಿ

ನಾನೊಂದು ತಂತಿ. ಎರಡು ನಾಲಿಗೆಯವರನ್ನೇ ಯಾರೂ ನಂಬುವುದಿಲ್ಲ. ನನಗೋ ತುದಿಗೆರಡರಂತೆ ನಾಲ್ಕು. ಆದರೂ ನಾನು ಹೇಳುವುದೆಲ್ಲ ನಿಜ. ಸುಳ್ಳು ಹೇಳಲು ಸ್ವಂತ ಗಂಟಲಾದರೂ ಇರಬೇಕಲ್ಲ!

ತಾಮ್ರದ ಗಟ್ಟಿಯನ್ನು ಕಾಯಿಸಿ, ಸಣ್ಣ ಸಣ್ಣ ತೂತುಗಳಲ್ಲಿ ಎಳೆದೆಳೆದು ನನ್ನನ್ನು ಕೂದಲೆಳೆಯಷ್ಟು ತೆಳ್ಳಗೆ ಮಾಡಿದರು. ಆ ಎಳೆತಕ್ಕೆ ಹುಟ್ಟಿದ ಮಗುವಿನಂತೆ ಅಳಲೂ ನನಗೆ ಪುರಸೊತ್ತಾಗಲಿಲ್ಲ. ಎಳೆಗಳನ್ನು ಹೊಸೆದು, ಒಂದಕ್ಕೆ ಕೆಂಪು ಅಂಗಿ, ಇನ್ನೊಂದಕ್ಕೆ ಕಪ್ಪು ಅಂಗಿ ತೊಡಿಸಿ, ಜೋಡಿಯಾಗಿ ಅಂಟಿಸಿದರು. ಗದಗಿನ ಅಂಗಡಿಯೊಂದರಲ್ಲಿ ಸುರುಳಿಯಿಂದ ಎರಡು ತುಂಡು ಕತ್ತರಿಸಿಕೊಟ್ಟರು: ನಾನು, ನನ್ನ ತಮ್ಮ.

ನಮ್ಮನ್ನು ಕೊಂಡವರು ಗುರುಶಾಂತಪ್ಪ ಹೊಸಮನಿ. ರೈಲು ನಿಲ್ದಾಣದಲ್ಲಿ ಗಾಡಿಗಳ ವೇಳೆ ಕೂಗಿ ಹೇಳುವ ಕೆಲಸ. ಮನೆಗೆ ಬಂದರೆ ಅನುಕರಣೆ: ಸ್ಟೇಷನ್ ಮಾಸ್ತರರ ಕೆಮ್ಮು, ಚಹಾ ಮಾರುವವನ ಕೂಗು, ಪಕ್ಕದ ಮನೆಯವರ ಸೀನು. ಅವರ ಹೆಂಡತಿ ನೀಲವ್ವ ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಟೇಪಿನ ಯಂತ್ರದಿಂದ ಬಲಗಡೆಯ ಸ್ಪೀಕರ್ ಪೆಟ್ಟಿಗೆಗೆ ತಮ್ಮ, ಎಡಗಡೆಯದಕ್ಕೆ ನಾನು ದನಿ ಹೊರುತ್ತಿದ್ದೆವು.

ನೀಲವ್ವ ಅಡುಗೆ ಮಾಡುವಾಗ ಹಾಡಿಕೊಳ್ಳುತ್ತಿದ್ದಳು. ಒಮ್ಮೆ ಗುರುಶಾಂತಪ್ಪನವರು ಬಾಗಿಲ ಮರೆಯಲ್ಲಿ ಕೂತು ಅದನ್ನು ಟೇಪಿನಲ್ಲಿ ತುಂಬಿಕೊಂಡರು. ಹಾಡಿನ ನಡುವೆ ಬೈಗುಳವೂ ಸೇರಿತು: “ಏ, ಅದನ್ನ ಬಂದ್ ಮಾಡ್ರೀ! ಇಲ್ಲೆ ಹಾಲು ಉಕ್ಕಾಕತ್ತಾವು, ನಿಮಗ ಹಾಡಿನ ಚಿಂತಿ!” ಆ ಟೇಪು ಕಪಾಟು ಸೇರಿತು. ಹಾಡುವವಳು ಮನೆಯಲ್ಲೇ ಇರುವಾಗ ಟೇಪು ಯಾರು ಹಾಕುತ್ತಾರೆ?

ಆ ವರ್ಷದ ಖಂಡೇನವಮಿಗೆ ನಮ್ಮನ್ನೆಲ್ಲ ಬಿಚ್ಚಿ, ಪೆಟ್ಟಿಗೆಗಳನ್ನು ಆಯುಧಪೂಜೆಗೆ ಇಟ್ಟರು. ಗುರುಶಾಂತಪ್ಪನವರ ಭಕ್ತಿಗೆ ಹಿಂದುಮುಂದು ಇರಲಿಲ್ಲ. ಪೆಟ್ಟಿಗೆಯ ಹಿಂಭಾಗಕ್ಕೂ ವಿಭೂತಿ ಬಳಿದು ಕುಂಕುಮ ಒತ್ತಿದರು. ಎಡಗಡೆ ಪೆಟ್ಟಿಗೆಯಲ್ಲಿ ನನ್ನ ಕೆಂಪು ತುದಿ ಸೇರಬೇಕಾದ ಕೆಂಪು ಗುಂಡಿ ಬೂದಿಯಲ್ಲಿ ಮುಚ್ಚಿಹೋಯಿತು. ಕಪ್ಪು ಗುಂಡಿಯ ಮೇಲೆ ಎಣ್ಣೆಗೈಯ ಕುಂಕುಮ ಗಟ್ಟಿಯಾಗಿ ಕೂತಿತು. ಸಂಜೆ ಅವರು ಕೆಂಪು ಕಂಡಲ್ಲಿ ಕೆಂಪು ಸಿಕ್ಕಿಸಿದರು. ಅಂದಿನಿಂದ ನಾನು ತಲೆಕೆಳಗು. ತಮ್ಮ ಗಾಳಿಯನ್ನು ಮುಂದಕ್ಕೆ ನೂಕಿದರೆ ನಾನು ಹಿಂದಕ್ಕೆ ಎಳೆಯುತ್ತಿದ್ದೆ. ಇಬ್ಬರ ಜಗಳದಲ್ಲಿ ದನಿ ಬಡವಾಯಿತು. ಹೇಳೋಣವೆಂದರೆ ನನಗೆ ಬಾಯಿಲ್ಲ.

ಮುಂದಿನ ಚಳಿಗಾಲದಲ್ಲಿ ನೀಲವ್ವನಿಗೂ ಬಾಯಿ ಇಲ್ಲದಂತಾಯಿತು. ಗಂಟಲಿನಲ್ಲಿ ಗಂಟು ಎಂದರು, ಕೊಯ್ದು ತೆಗೆದರು, ಗಂಟಿನ ಜೊತೆ ದನಿಯೂ ಹೋಯಿತು. ಆಮೇಲೆ ಆಕೆ ಗಂಡನನ್ನು ಕರೆಯುತ್ತಿದ್ದುದು ತಾಟಿಗೆ ಚಮಚ ಬಡಿದು. ಆಗಲೇ ಆ ಟೇಪು ಕಪಾಟಿನಿಂದ ಹೊರಗೆ ಬಂದದ್ದು.

ಗುರುಶಾಂತಪ್ಪನವರು ಕೇಳಿದರು. ಮುಖ ಸಣ್ಣದಾಯಿತು. ಜೊತೆಗೆ ಕೆಲಸ ಮಾಡುವ ಮೊಕಾಶಿಯನ್ನು ಕರೆತಂದು ಕೇಳಿಸಿದರು.

“ಹಿಂಗ ಇರಲಿಲ್ಲೋ ಮೊಕಾಶಿ. ಆಕಿ ದನಿಗೆ ಒಂದು ತೂಕ ಇತ್ತು. ಇದು ಖಾಲಿ ಕೊಡದಾಗ ಮಾರಿ ಇಟ್ಟು ಹಾಡಿದಂಗ ಅದ.”

“ತಂತಿ ಹಗೂರ ಅದ ಗುರಣ್ಣಾ, ಅದಕ್ಕ ದನಿನೂ ಹಗೂರ ಬರ್ತದ,” ಎಂದ ಮೊಕಾಶಿ. ಅವನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಗೊತ್ತಿದ್ದದ್ದು ಮಾತ್ರ ಕಡಿಮೆ.

ಶುರುವಾಯಿತು ನಮ್ಮ ಗೋಳು. ತುದಿಗಳನ್ನು ಹಿತ್ತಾಳೆ ತಂಬಿಗೆಯಂತೆ ಹುಣಸೆಹಣ್ಣು ಹಚ್ಚಿ ಉಜ್ಜಿದರು. ಈ ತುದಿ ಆ ಕಡೆ, ಆ ತುದಿ ಈ ಕಡೆ ಮಾಡಿದರು. ನೆಲ ದನಿಯನ್ನು ಹೀರುತ್ತದೆಂದು ಮೊಕಾಶಿ ಹೇಳಿದ್ದಕ್ಕೆ, ಮನೆಯ ಚಹಾ ಕಪ್ಪುಗಳನ್ನೆಲ್ಲ ಬೋರಲು ಹಾಕಿ ಅವುಗಳ ಮೇಲೆ ನಮ್ಮನ್ನು ಮಲಗಿಸಿದರು. ಅಂದು ನೀಲವ್ವ ಮೊಕಾಶಿಗೆ ಸಾರಿನ ಬಟ್ಟಲಲ್ಲಿ ಚಹಾ ಕೊಟ್ಟಳು. ಏನೇ ಮಾಡಿದರೂ ಸಿಕ್ಕಿಸುವಾಗ ಮಾತ್ರ ಕೆಂಪು ಕಂಡಲ್ಲಿ ಕೆಂಪೇ.

ಕೊನೆಗೆ ಬಂಗಾರದ ಬಣ್ಣದ ತುದಿಗಳ, ಹಾವಿನಷ್ಟು ದಪ್ಪನೆಯ ಕೇಬಲ್ಲುಗಳು ಬಂದವು. ಅವನ್ನೂ ಹಾಗೆಯೇ ಕೆಂಪು ಕಂಡಲ್ಲಿ ಸಿಕ್ಕಿಸಿ, ನಮ್ಮಿಬ್ಬರನ್ನು ಸುತ್ತಿ ಮಂಚದ ಕೆಳಗೆ ಎಸೆದರು.

ಅಲ್ಲಿಂದ ಪಾದಗಳಷ್ಟೇ ಕಾಣುತ್ತಿದ್ದವು. ಸಂಜೆಯಾದರೆ ಗಂಡನ ಪಾದಗಳು ಪೆಟ್ಟಿಗೆಯ ಕಡೆ. ಹೆಂಡತಿಯ ಪಾದಗಳು ಅವರ ಬೆನ್ನ ಹಿಂದೆ. ತಾಟಿಗೆ ಚಮಚ ಬಡಿಯುತ್ತಿತ್ತು. ಅವರು, “ತಡಿ, ಒಂದ ನಿಮಿಷ, ಈಗ ದನಿ ಹತ್ತರ ಬಂದದ,” ಎನ್ನುತ್ತಿದ್ದರು, ತಿರುಗದೆ. ಗಂಟು ಮತ್ತೆ ಬೆಳೆದಿದೆ, ಈ ಸಲ ಕೊಯ್ದು ಪ್ರಯೋಜನವಿಲ್ಲ ಎಂದು ದವಾಖಾನೆಯವರು ಹೇಳಿ ಕಳಿಸಿದ್ದರು. ಉಳಿದ ಸಂಜೆಗಳು ಕೆಲವೇ ಎಂದು ಇಬ್ಬರಿಗೂ ಗೊತ್ತಿತ್ತು. ಪೆಟ್ಟಿಗೆಯೊಳಗಿನ ನೀಲವ್ವನನ್ನು ಉಳಿಸಿಕೊಳ್ಳಲು ಅವರು ಒದ್ದಾಡುತ್ತಿದ್ದರು. ಹೊರಗಿನ ನೀಲವ್ವ ಅವರ ಬೆನ್ನು ನೋಡುತ್ತ ಕೂತಿರುತ್ತಿದ್ದಳು.

ಒಂದು ಮಧ್ಯಾಹ್ನ ಆಕೆಯ ಕೈ ಮಂಚದ ಕೆಳಗೆ ಬಂತು. ನಮ್ಮನ್ನು ಎಳೆದು, ಬಂಗಾರದ ಕೇಬಲ್ಲುಗಳನ್ನು ಕಿತ್ತಳು. ಏನು ಮುಟ್ಟಿದರೂ ಮೊದಲು ಒರೆಸುವುದು ಆಕೆಯ ರೂಢಿ. ಹಸಿ ಬಟ್ಟೆ ತಂದು ಪೆಟ್ಟಿಗೆಯ ಬೆನ್ನನ್ನು ಗಸಗಸ ತಿಕ್ಕಿದಳು. ಹಳೆಯ ಪೂಜೆಯ ವಿಭೂತಿ ಕುಂಕುಮ ಕರಗಿ, ಕೆಂಪು ಕೆಂಪಾಯಿತು, ಕಪ್ಪು ಕಪ್ಪಾಯಿತು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸಿಕ್ಕಿಸಿ, ನಮ್ಮ ಮೇಲೆ ಟವೆಲ್ಲು ಹೊದಿಸಿದಳು.

ಸಂಜೆ ಮೊಕಾಶಿಯೂ ಬಂದ. ಟೇಪು ತಿರುಗಿತು. ನಾನೂ ತಮ್ಮನೂ ಎಷ್ಟೋ ಕಾಲದ ಮೇಲೆ ಒಟ್ಟಿಗೆ ನೂಕಿದೆವು. ಎರಡು ಪೆಟ್ಟಿಗೆಗಳ ನಡುವೆ, ಯಾರೂ ಇಲ್ಲದ ಜಾಗದಲ್ಲಿ, ನೀಲವ್ವ ನಿಂತು ಹಾಡಿದಳು.

ಗುರುಶಾಂತಪ್ಪನವರು ಕಣ್ಣು ಮುಚ್ಚಿದರು. “ಇದ… ಇದ ಆಕಿ ದನಿ!”

“ಬಂಗಾರ ಅಂದ್ರ ಬಂಗಾರ! ನಾ ಹೇಳಿದ್ದಿಲ್ಲೇನು?” ಮೊಕಾಶಿ ತೊಡೆ ತಟ್ಟಿದ.

ನೀಲವ್ವ ಇಬ್ಬರನ್ನೂ ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದಳು. ಬಂಗಾರದ ಕೇಬಲ್ಲಿನ ಮೇಲೆ ಗಂಡನ ಬನಿಯನ್ನುಗಳು ಒಣಗುತ್ತಿದ್ದವು.

ಮೊಕಾಶಿ ಬಿದ್ದು ಬಿದ್ದು ನಕ್ಕ. ನೀಲವ್ವ ಸೆರಗು ಬಾಯಿಗಿಟ್ಟು, ಸದ್ದಿಲ್ಲದೆ, ಭುಜ ಕುಣಿಸಿ ನಕ್ಕಳು. ಗುರುಶಾಂತಪ್ಪನವರು ನಗಲಿಲ್ಲ. ಒಳಗೆ ಬಂದು ಟವೆಲ್ಲು ಸರಿಸಿದರು. ಒರೆಸಿದ ಗುಂಡಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹಿಂದೆಯೇ ಬಂದ ನೀಲವ್ವನ ಎದುರು ನೆಲದ ಮೇಲೆ ಕೂತರು.

“ತಂತಿದು ತಪ್ಪಿರಲಿಲ್ಲ, ನೀಲಾ. ನಾನ ಉಲ್ಟಾ ಹಾಕಿದ್ದೆ. ಇಷ್ಟು ದಿನ… ನಿನಗ ಬೆನ್ನು ಕೊಟ್ಟು ಕೂತಿದ್ದೆ.”

ಆಕೆ ಅವರ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿದಳು. ತುಟಿಗಳಷ್ಟೇ ಆಡಿದವು. ಅವರು ಓದಿ, ಮೆಲ್ಲಗೆ ದನಿ ಕೊಟ್ಟರು: “ನಾ ಇಲ್ಲೇ ಅದೀನಿ.”

ಟೇಪು ನಿಂತಿತು. ಉಳಿದ ಸಂಜೆಗಳಲ್ಲಿ ನಮಗೆ ಕೆಲಸವಿರಲಿಲ್ಲ. ಅವರಿಬ್ಬರೂ ಎದುರುಬದುರು ಕೂತು, ಆಕೆಯ ತುಟಿಗಳ ಮಾತು ಕೇಳುತ್ತ ಮಾವಿನ ಹಣ್ಣಿನ ಕಾಲದವರೆಗೆ ಬಂದರು. ಅಲ್ಲಿಂದ ಮುಂದೆ ಆಕೆ ಬರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಅಂಗಿ ಬಿರುಕು ಬಿಟ್ಟು ತಾಮ್ರ ಹಸಿರು ತಿರುಗಿದೆ. ಮೊನ್ನೆಯವರೆಗೂ ನನ್ನದೊಂದು ಕೊರಗಿತ್ತು: ಅಷ್ಟು ದಿನ ನಾನು ಹೊತ್ತದ್ದು ಆಕೆಯ ದನಿಯಲ್ಲ, ಬರೀ ಅವರ ಅವಸರ ಎಂದು.

ಮೊನ್ನೆ, ಆಕೆ ಮಣ್ಣಾದ ಮೇಲೆ, ದುಃಖದಲ್ಲಿ ಮಾತಾಡಿಸಲು ಬಂದ ಜನರಿಂದ ಮನೆ ತುಂಬಿತ್ತು. ಹಿರಿಯಳೊಬ್ಬಳು, “ಆಕಿ ಹಾಡಿದ್ದು ಏನರ ಅದ ಏನಪಾ? ಕೇಳಸು,” ಎಂದಳು. ಗುರುಶಾಂತಪ್ಪನವರು ಎದ್ದರು. ಟೇಪಿನ ಕಡೆ ಹೋಗಲಿಲ್ಲ.

“ಹಾಡು ಇರಲಿ, ಅತ್ತೀ. ಆಕಿ ನನ್ನ ಹೆಂಗ ಮಂಗ್ಯಾ ಮಾಡಿದ್ಲು, ಅದನ್ನ ಕೇಳ್ರಿ.”

ಚಹಾ ಕಪ್ಪು ಬೋರಲು ಹಾಕಿದ್ದು, ಹುಣಸೆಹಣ್ಣು ತಿಕ್ಕಿದ್ದು, ಮೊಕಾಶಿ ತೊಡೆ ತಟ್ಟಿದ್ದು ಎಲ್ಲವನ್ನೂ ಮಾಡಿ ತೋರಿಸಿದರು. ಊರವರನ್ನೆಲ್ಲ ಅಣಕಿಸಿದ ಮನುಷ್ಯ ಮೊದಲ ಬಾರಿಗೆ ತನ್ನನ್ನೇ ಅಣಕಿಸಿದರು: ಕಣ್ಣು ಮುಚ್ಚಿ, ತಲೆ ತೂಗಿ, “ಇದ ಆಕಿ ದನಿ!” ಯಾರೋ ತಡೆಯಲಾರದೆ ಕಿಸಕ್ಕೆಂದರು. ಹಿರಿಯಳು ಅಳುತ್ತಳುತ್ತಲೇ ನಕ್ಕಳು. ಬನಿಯನ್ನುಗಳ ಮಾತಿಗೆ ಬಂದಾಗ ಮನೆಯೇ ನಕ್ಕಿತು. ಅವರ ಆ ಅವಸರವೇ ಈಗ ಆಕೆಯ ಕಥೆಯಾಗಿತ್ತು, ನನ್ನ ಕೊರಗೂ ಕರಗಿತು. ಆ ನಗುವಿನಲ್ಲೆಲ್ಲ ದೊಡ್ಡ ದನಿ ಗುರುಶಾಂತಪ್ಪನವರದು.